ಮಕಾವ್ ಎಂಬ ಊರನ್ನು ಸ್ಟ್ಯಾನ್ಲಿ ಹೋ ಒಬ್ಬರೇ ಬದಲಿಸಿದರೇ?

ಒಬ್ಬ ಕ್ಯಾಸಿನೊ ಮಾಲೀಕ ಇಡೀ ಊರಿನ ಹಣೆಬರಹ ಬದಲಿಸಲು ಸಾಧ್ಯವೆ, ಸ್ಟ್ಯಾನ್ಲಿ ಹೋ ಬಗ್ಗೆ ಹೇಳುವುದೆಲ್ಲ ಉತ್ಪ್ರೇಕ್ಷೆಯಲ್ಲವೆ ಎಂದು ಕೇಳಿದ್ದೀರಿ.

ಹಾಂಗ್‌ಕಾಂಗ್‌ನಲ್ಲಿ ಕೆಲಸದಲ್ಲಿದ್ದಾಗ ನಾನು ಆಗಾಗ ಹಡಗು ಹತ್ತಿ, ಚೀನಾದ ದಕ್ಷಿಣ ಕರಾವಳಿಯ ಮಕಾವ್‌ಗೆ ಹೋಗುತ್ತಿದ್ದೆ. ಹಡಗುಕಟ್ಟೆ ಇದ್ದ ಕಟ್ಟಡಕ್ಕೆ ಹೋ ಅವರ ಶುನ್ ಟಾಕ್ ಕಂಪನಿಯ ಹೆಸರು. ಹತ್ತಿದ ಹಡಗಿನಲ್ಲೂ ಅದೇ ಕಂಪನಿಗೆ ಪಾಲು. ಆಚೆ ದಡದಲ್ಲಿ ಇಳಿದರೆ ಅವರ ಹೋಟೆಲಿನ ಪುಕ್ಕಟೆ ಬಸ್ಸು ಕಾದಿರುತ್ತಿತ್ತು. ನಾನು ಒಂದು ಬಿಡಿಗಾಸನ್ನೂ ಜೂಜಿಗೆ ಹಾಕಿದವನಲ್ಲ. ಆದರೂ ಪ್ರತಿ ಸಲ ಅವರಿಗೆ ಸುಂಕ ಕಟ್ಟಿಯೇ ಊರೊಳಗೆ ಕಾಲಿಟ್ಟೆ. ಅವರ ಸಾಮ್ರಾಜ್ಯದ ಗುಟ್ಟು ಇಸ್ಪೀಟಿನ ಮೇಜಿಗಿಂತ ಹೆಚ್ಚಾಗಿ ಈ ಸುಂಕದ ಕಟ್ಟೆಯಲ್ಲಿತ್ತು ಎಂಬುದು ನನ್ನ ಅಭಿಪ್ರಾಯ.

ಜಪಾನೀಯರು ಹಾಂಗ್‌ಕಾಂಗನ್ನು ಹಿಡಿದಾಗ ಜೇಬಿನಲ್ಲಿ ಹತ್ತು ಡಾಲರ್ ಇಟ್ಟುಕೊಂಡು ಮಕಾವ್‌ಗೆ ಬಂದೆ ಎಂದು ಹೋ ಹೇಳಿಕೊಳ್ಳುತ್ತಿದ್ದರು. ಕಥೆ ಚೆನ್ನಾಗಿದೆ. ಆದರೆ ಅವರ ದೊಡ್ಡಜ್ಜ ರಾಬರ್ಟ್ ಹೋಟಂಗ್ ಹಾಂಗ್‌ಕಾಂಗ್‌ನ ಮಹಾ ಶ್ರೀಮಂತರಲ್ಲಿ ಒಬ್ಬರು. ತಂದೆ ಷೇರುಪೇಟೆಯಲ್ಲಿ ಮುಳುಗಿ ಊರು ಬಿಟ್ಟಮೇಲೆ ಬಂದ ಬಡತನ ಅದು. ಯುದ್ಧಕಾಲದಲ್ಲಿ ಗಡಿಯಾಚೆಗೆ ಸರಕು ಸಾಗಿಸಿ ಅವರು ಮತ್ತೆ ಮೇಲೆದ್ದರು.

1962ರಲ್ಲಿ, ಆಗ ಮಕಾವನ್ನು ಆಳುತ್ತಿದ್ದ ಪೋರ್ಚುಗೀಸ್ ಆಡಳಿತ ಜೂಜಿನ ಏಕಸ್ವಾಮ್ಯದ ಗುತ್ತಿಗೆಯನ್ನು ಹೋ, ಹೆನ್ರಿ ಫೋಕ್, ಟೆಡ್ಡಿ ಯಿಪ್ ಮತ್ತು ಯಿಪ್ ಹೊನ್ ಎಂಬ ನಾಲ್ವರ ಕೂಟಕ್ಕೆ ಕೊಟ್ಟಿತು. ಬಂದರಿನ ಹೂಳೆತ್ತಬೇಕು, ಹಾಂಗ್‌ಕಾಂಗ್‌ಗೆ ಹಡಗು ಸಂಚಾರ ನಡೆಸಬೇಕು ಎಂಬ ಷರತ್ತುಗಳೂ ಇದ್ದವು. ಬೇರೆಯವರಾಗಿದ್ದರೆ ಅವನ್ನು ಹೊರೆ ಎನ್ನುತ್ತಿದ್ದರೇನೊ. ಹೋ ಅದರಲ್ಲೇ ಲಾಭ ಕಂಡರು. ಹಾಂಗ್‌ಕಾಂಗ್‌ನಲ್ಲಿ ಕ್ಯಾಸಿನೊ ನಿಷಿದ್ಧ, ಚೀನಾದಲ್ಲೂ ನಿಷಿದ್ಧ. ಮಕಾವ್‌ನಲ್ಲಿ ಮಾತ್ರ 1847ರಿಂದಲೇ ಜೂಜಿಗೆ ಕಾನೂನಿನ ಒಪ್ಪಿಗೆ. ಜೂಜಾಡುವ ಜನರಿಗೆ ಬರವಿರಲಿಲ್ಲ, ಅವರನ್ನು ಬೇಗ ತಂದಿಳಿಸುವ ದಾರಿ ಇರಲಿಲ್ಲ. 1964ರಲ್ಲಿ ನೀರಿನಿಂದ ಮೇಲೆದ್ದು ಓಡುವ ಹೈಡ್ರೊಫಾಯಿಲ್ ದೋಣಿಗಳು ಬಂದ ಮೇಲೆ ಗಂಟೆಗಟ್ಟಲೆ ಹಿಡಿಯುತ್ತಿದ್ದ ಪಯಣ ಒಂದೂಕಾಲು ಗಂಟೆಗೆ ಇಳಿಯಿತು. 1970ರಲ್ಲಿ ಹೋ ಅವರ ಲಿಸ್ಬೋವಾ ಕ್ಯಾಸಿನೊ ಹೋಟೆಲ್ ತೆರೆಯಿತು. ಅದರ ಆಕಾರ ಹಕ್ಕಿಯ ಪಂಜರದಂತಿದೆ, ಒಳಹೊಕ್ಕವರು ಹೊರಬರದಿರಲೆಂದೇ ಹಾಗೆ ಕಟ್ಟಿಸಿದ್ದು ಎಂದು ಊರವರು ನಗುತ್ತಾರೆ. ಸ್ವತಃ ಹೋ ಜೂಜಾಡುತ್ತಿರಲಿಲ್ಲ!

ಕಪ್ಪು ಮಗ್ಗುಲನ್ನೂ ಹೇಳಬೇಕು. 1980ರ ದಶಕದಿಂದ ಕ್ಯಾಸಿನೊದಲ್ಲಿ ಸಿರಿವಂತರು ಜೂಜಾಡುವ ಖಾಸಗಿ ಕೋಣೆಗಳನ್ನು ಮಧ್ಯವರ್ತಿಗಳಿಗೆ ಒಪ್ಪಿಸಲಾಯಿತು. ಗಿರಾಕಿಯನ್ನು ಕರೆತರುವುದು, ಸಾಲ ಕೊಡುವುದು, ವಸೂಲಿ ಮಾಡುವುದು ಎಲ್ಲ ಅವರದೇ. ಚೀನಾದಲ್ಲಿ ಜೂಜಿನ ಸಾಲಕ್ಕೆ ನ್ಯಾಯಾಲಯದ ಬೆಂಬಲವಿಲ್ಲ ಎಂದಮೇಲೆ ವಸೂಲಿ ಹೇಗಾಗುತ್ತಿತ್ತೆಂದು ನೀವೇ ಊಹಿಸಿ. 1999ರಲ್ಲಿ ಊರು ಚೀನಾಕ್ಕೆ ಮರಳುವ ಮುನ್ನ ಭೂಗತ ಗುಂಪುಗಳ ನಡುವೆ ಬೀದಿಯಲ್ಲೇ ಕೊಲೆಗಳು ನಡೆದವು. ಆ ಗುಂಪುಗಳೊಡನೆ ತಮಗೆ ನಂಟಿಲ್ಲವೆಂದು ಹೋ ಕೊನೆಯವರೆಗೂ ಹೇಳಿದರು. ಅಮೆರಿಕದ ನ್ಯೂಜೆರ್ಸಿಯ ಅಧಿಕಾರಿಗಳು ಅದನ್ನು ನಂಬಲಿಲ್ಲ. ಹೋ ಅವರ ಮಗಳು ಪ್ಯಾನ್ಸಿ ಮಕಾವ್‌ನಲ್ಲಿ ಅಮೆರಿಕದ ಕ್ಯಾಸಿನೊ ಕಂಪನಿ ಎಂಜಿಎಂನ ಪಾಲುದಾರಳಾದುದಕ್ಕೆ ಆಕ್ಷೇಪ ಬಂದಾಗ ಆ ಕಂಪನಿ 2010ರಲ್ಲಿ ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊದಲ್ಲಿದ್ದ ಪಾಲನ್ನು ಬಿಡಲು ಒಪ್ಪಿತೇ ಹೊರತು ಪ್ಯಾನ್ಸಿಯನ್ನು ಬಿಡಲಿಲ್ಲ.

ಏಕಸ್ವಾಮ್ಯ 2002ಕ್ಕೆ ಮುಗಿಯಿತು. 2006ರಲ್ಲಿ ಮಕಾವ್‌ನ ಜೂಜಿನ ಆದಾಯ ಅಮೆರಿಕದ ಲಾಸ್ ವೇಗಾಸ್‌ನ ಕ್ಯಾಸಿನೊ ಬೀದಿಯಾದ ಸ್ಟ್ರಿಪ್ ಅನ್ನು ಮೀರಿಸಿತು. ಏಕಸ್ವಾಮ್ಯ ಮುಗಿದ ಮೇಲೆ ಬಂದ ಆರು ಪರವಾನಗಿಗಳಲ್ಲಿ ಮೂರು ಹೋ ಅವರಿಗೆ ಅಥವಾ ಅವರ ಮಕ್ಕಳಿಗೆ ಸಂಬಂಧಿಸಿದವು: ಎಸ್‌ಜೆಎಂ, ಎಂಜಿಎಂ ಮತ್ತು ಮೆಲ್ಕೊ ಕಂಪನಿಗಳದು. ಊರಿಗೂ ಸಿಕ್ಕಿದ್ದು ಕಡಿಮೆಯೇನಲ್ಲ. ಸರ್ಕಾರ ಕಾಯಂ ನಿವಾಸಿಗಳಿಗೆ 2008ರಿಂದ ನಗದು ಹಂಚುತ್ತಿದೆ. ಕ್ಯಾಸಿನೊದಲ್ಲಿ ಇಸ್ಪೀಟಿನ ಎಲೆ ಹಂಚುವ ನೌಕರಿ ಸ್ಥಳೀಯರಿಗೇ ಮೀಸಲು. ಆದರೆ ಒಂದೇ ಬೆಳೆ ನಂಬಿದ ಹೊಲದ ಗತಿ 2020ರಲ್ಲಿ ಕಾಣಿಸಿತು. ಕೊರೊನಾ ಬಂದು ಜೂಜಿನ ಆದಾಯ ಹಿಂದಿನ ವರ್ಷದ ಐದನೇ ಒಂದರಷ್ಟಕ್ಕೆ ಕುಸಿಯಿತು.



ಅದೇ 2020ರ ಮೇ 26ರಂದು, 98ನೇ ವಯಸ್ಸಿನಲ್ಲಿ ಹೋ ತೀರಿಕೊಂಡರು. ಅದಕ್ಕೂ ಮೊದಲೇ, 2018ರಲ್ಲಿ, ಹಾಂಗ್‌ಕಾಂಗ್ ಮತ್ತು ಮಕಾವ್ ನಡುವೆ ಕಡಲು ದಾಟುವ 55 ಕಿಲೋಮೀಟರ್ ಉದ್ದದ ಸೇತುವೆ ತೆರೆದಿತ್ತು. ನಾನು ಕೊನೆಯ ಸಲ ಮಕಾವ್‌ಗೆ ಹೋದದ್ದು ಅದರ ಮೇಲೆ, ಬಸ್ಸಿನಲ್ಲಿ. ಆಗ ಟಿಕೆಟ್ 65 ಹಾಂಗ್‌ಕಾಂಗ್ ಡಾಲರ್ ಇತ್ತು, ಹಡಗಿನದರ ಅರ್ಧಕ್ಕಿಂತ ಕಡಿಮೆ.