ಜಿಗಣೆ ಗಾಯಕ್ಕೆ ಕೊಬ್ಬರಿ ಎಣ್ಣೆ ಸಾಕಾ?

ಕೊಡಗಿನ ನಾಪೋಕ್ಲು ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಕಕ್ಕಡದ ಮಳೆಯಲ್ಲಿ ತೋಟಕ್ಕೆ ಇಳಿದರೆ ಕಾಲಿಗೆಲ್ಲ ಜಿಗಣೆ. ಕಚ್ಚಿದ ಜಾಗ ಕೆರೆದು ಕೆರೆದು ಕೀವಾಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿರುವ ಕೊಬ್ಬಿನ ಆಮ್ಲ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂದು ಮಗಳು ಹೇಳುತ್ತಾಳೆ. ಅತ್ತೆ ಹಂದಿ ನೆಣ ಸವರು ಅನ್ನುತ್ತಾರೆ. ಯಾರ ಮಾತು ಕೇಳಲಿ?"

ಅತ್ತೆಗೂ ಮಗಳಿಗೂ ನಡುವೆ ನಮ್ಮನ್ನು ತಂದು ನಿಲ್ಲಿಸಿದ್ದೀರಿ! ಇರಲಿ. ಮಗಳ ಮಾತು ಅರ್ಧ ನಿಜ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚುಕಮ್ಮಿ ಅರ್ಧ ಲಾರಿಕ್ ಎಂಬ ಕೊಬ್ಬಿನ ಆಮ್ಲವೇ. ಕೀವು ಮಾಡುವ ಸ್ಟ್ಯಾಫಿಲೊಕಾಕಸ್ ಆರಿಯಸ್‌ನಂಥ ಬ್ಯಾಕ್ಟೀರಿಯಾದ ಪೊರೆಗೆ ಇದು ನುಗ್ಗಿ ಅದನ್ನು ಸಡಿಲ ಮಾಡುತ್ತದೆ. ಒಳಗಿನದು ಸೋರಿಹೋಗುತ್ತದೆ. ಆದರೆ ಇದು ಬಿಡಿ ಆಮ್ಲದ ಕೆಲಸ. ಎಣ್ಣೆಯೊಳಗೆ ಮೂರು ಮೂರು ಆಮ್ಲಗಳು ಗ್ಲಿಸರಾಲ್ ಎಂಬ ಒಂದೊಂದು ಅಣುವಿಗೆ ಕಟ್ಟಿಕೊಂಡಿರುತ್ತವೆ. ಸರಪಳಿ ಹಾಕಿದ ತೋಟದ ನಾಯಿ ಕಳ್ಳನ ಹಿಂದೆ ಓಡುತ್ತಾ? ಲಿಪೇಸ್ ಎಂಬ ಕಿಣ್ವ ಬಂದು ಆ ಕಟ್ಟು ಬಿಚ್ಚಬೇಕು.

ನಮ್ಮ ಚರ್ಮದ ಮೇಲೆ ಈ ಬಿಚ್ಚುವ ಕೆಲಸ ದಿನಾ ನಡೆಯುತ್ತದೆ. ಚರ್ಮದ ಗ್ರಂಥಿಗಳು ಜಿಡ್ಡು ಬಿಡುತ್ತವೆ. ಅಲ್ಲೇ ಮನೆ ಮಾಡಿಕೊಂಡಿರುವ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಆಮ್ಲವನ್ನು ಬಿಡಿಸುತ್ತವೆ. ಅದರಲ್ಲಿ ಒಂದು ಸೇಪಿಯೆನಿಕ್ ಆಮ್ಲ. ಮನುಷ್ಯರ ಜಿಡ್ಡಿನದೇ ವಿಶೇಷ ಅದು, ಹೋಮೊ ಸೇಪಿಯನ್ಸ್‌ನಿಂದಲೇ ಆ ಹೆಸರು. ಸ್ಟ್ಯಾಫಿಲೊಕಾಕಸ್‌ಗೆ ಅದನ್ನು ಕಂಡರೆ ಆಗಲ್ಲ. ಆದರೆ ಅಂಗಾಲಿನಲ್ಲಿ ಈ ಗ್ರಂಥಿಗಳೇ ಇಲ್ಲ. ದಿನವಿಡೀ ಗಮ್‌ಬೂಟಿನೊಳಗೆ ನೆನೆಯುವುದೂ ಅದೇ ಕಾಲು!

ಇನ್ನು ಅತ್ತೆಯವರ ನೆಣ. ಅದರಲ್ಲಿ ಜಾಸ್ತಿ ಇರುವುದು ಒಲೆಯಿಕ್ ಆಮ್ಲ. ಸ್ಟ್ಯಾಫಿಲೊಕಾಕಸ್‌ಗೆ ಅದನ್ನು ಸ್ವಂತವಾಗಿ ತಯಾರಿಸಲು ಬರುವುದಿಲ್ಲ, ಆದರೆ ಸಿಕ್ಕಿದರೆ ಎಳೆದುಕೊಂಡು ತನ್ನ ಪೊರೆ ಕಟ್ಟಿಕೊಳ್ಳುತ್ತದೆ. ನೆಣ ಪಂದಿ ಕರಿಗೇ ಇರಲಿ.

ಹೀಗೆ ಕಡ ತರುವ ಬುದ್ಧಿ ಔಷಧ ಹುಡುಕುವವರನ್ನೂ ಸತಾಯಿಸಿದೆ. ಬ್ಯಾಕ್ಟೀರಿಯಾ ಕೊಬ್ಬಿನ ಆಮ್ಲ ಮಾಡಿಕೊಳ್ಳದ ಹಾಗೆ ತಡೆದರೆ ಸಾಯುತ್ತದೆ ಎಂಬ ಲೆಕ್ಕವಿತ್ತು. ಕೆಲವು ಬ್ಯಾಕ್ಟೀರಿಯಾಗಳು ನಮ್ಮ ರಕ್ತದಿಂದಲೇ ಅದನ್ನು ತೆಗೆದುಕೊಂಡು ಬದುಕುತ್ತವೆ ಎಂದು 2009ರಲ್ಲಿ ಗೊತ್ತಾಯಿತು. ಕ್ಷಯದಲ್ಲಿ ಮಾತ್ರ ಲೆಕ್ಕ ತಪ್ಪಲಿಲ್ಲ. 1952ರಿಂದ ಕೊಡುತ್ತಿರುವ ಐಸೋನಿಯಾಜಿಡ್ ಮಾತ್ರೆ ತಡೆಯುವುದು ಮೈಕೋಲಿಕ್ ಎಂಬ ಕೊಬ್ಬಿನ ಆಮ್ಲದ ತಯಾರಿಯನ್ನು. ಕ್ಷಯದ ಬ್ಯಾಕ್ಟೀರಿಯಾ ಅದರಿಂದಲೇ ತನ್ನ ಗೋಡೆ ಕಟ್ಟುತ್ತದೆ. ನಮ್ಮ ಮೈಯಲ್ಲಿ ಆ ಆಮ್ಲ ಇಲ್ಲವೇ ಇಲ್ಲ. ಕಡ ಎಲ್ಲಿಂದ ಸಿಗಬೇಕು?

ಈಗ ನಿಮ್ಮ ಕಾಲಿಗೆ ಬರೋಣ. ಕೊಬ್ಬಿನ ಆಮ್ಲವನ್ನೇ ಹಚ್ಚಬೇಕು ಅಂತಿದ್ದರೆ ಸೋಪು ಹಚ್ಚಿ. ತಮಾಷೆಯಲ್ಲ, ಎಣ್ಣೆಗೆ ಕಾಸ್ಟಿಕ್ ಸೋಡಾ ಬೆರೆಸಿ ಮಾಡುವ ಸೋಪು ಕೊಬ್ಬಿನ ಆಮ್ಲದ ಉಪ್ಪೇ. ತೋಟದಿಂದ ಬಂದ ಕೂಡಲೇ ಗಾಯವನ್ನು ಸೋಪು, ನೀರಲ್ಲಿ ತೊಳೆಯಿರಿ. ಬೆರಳ ಸಂದು ಒರೆಸಿ ಒಣಗಿಸಿ. ಉಗುರು ಚಿಕ್ಕದಾಗಿ ಕತ್ತರಿಸಿಕೊಳ್ಳಿ, ಕೀವಿಗೆ ಮೂಲ ಹೆಚ್ಚಾಗಿ ಜಿಗಣೆಯಲ್ಲ, ಕೆರೆಯುವ ಉಗುರು. ಎಣ್ಣೆಯನ್ನು ಒಡೆಯದ ಚರ್ಮಕ್ಕೆ ಸವರಿಕೊಳ್ಳಿ, ಬೇಡ ಅನ್ನಲ್ಲ. ಕೆಂಪು ಮೇಲಕ್ಕೆ ಹಬ್ಬುತ್ತಿದ್ದರೆ, ಜ್ವರ ಬಂದರೆ, ಎಣ್ಣೆ ಸೋಪು ಎರಡನ್ನೂ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ಅಷ್ಟರವರೆಗೂ ಕಾಯಬೇಡಿ.