ಪ್ರತಿ: ಅಮ್ಮನ ಕಾಲಿನ ಹುಣ್ಣು ಕ್ಲೀನ್ ಮಾಡುವಾಗ ನೋವು

ಬಾಗಲಕೋಟೆಯಲ್ಲಿ ಅಮ್ಮನ ವೆರಿಕೋಸ್ ಹುಣ್ಣಿನ (ಕಾಲಿನ ಉಬ್ಬಿದ ರಕ್ತನಾಳದಿಂದ ಆಗುವ ಹುಣ್ಣು) ಸತ್ತ ಚರ್ಮ ತೆಗೆಯುವಾಗ ನೋವು ತಡೆಯೋಕಾಗಲ್ಲ, ಮರಗಟ್ಟಿಸುವ ಕ್ರೀಮ್ ಇದೆಯಾ ಅಂತ ಕೇಳಿದ್ದೀರಿ. ಇದೆ. ಡಾಕ್ಟರ್ ಹತ್ತಿರ ಧೈರ್ಯವಾಗಿ ಕೇಳಿ, ಅಮ್ಮ ಅಷ್ಟು ನೋವು ತಿನ್ನಬೇಕಾಗಿಲ್ಲ.

ಲಿಡೊಕೇನ್ 2.5%, ಪ್ರಿಲೊಕೇನ್ 2.5% ಸೇರಿದ ಕ್ರೀಮ್ ಅದು. ಹುಣ್ಣಿನ ಮೇಲೆ ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಕನಿಷ್ಠ ಅರ್ಧ ಗಂಟೆ ಬಿಡಬೇಕು. ಹಚ್ಚಿದ ಐದೇ ನಿಮಿಷಕ್ಕೆ ಕೈ ಹಾಕಿದರೆ ಸುಮ್ನೆ ದಂಡ. ಕ್ರೀಮ್ ಒರೆಸಿದ ಮೇಲೆ 10 ನಿಮಿಷದೊಳಗೆ ಕ್ಲೀನ್ ಮಾಡುವ ಕೆಲಸ ಶುರುವಾಗಬೇಕು. ಅದಕ್ಕೇ ನಿಮ್ಮ ಸರದಿಗೆ ಮುಂಚೆಯೇ ಹಚ್ಚಲು ನರ್ಸ್‌ಗೆ ಹೇಳಿ. ಮೊದಲು ಸ್ವಲ್ಪ ಉರಿಯಬಹುದು.

ಒಂದು ಸಲಕ್ಕೆ 10 ಗ್ರಾಂ ಮೀರಬಾರದು. ಜಾಸ್ತಿಯಾದರೆ ರಕ್ತಕ್ಕೆ ಆಮ್ಲಜನಕ ಒಯ್ಯಲು ಕಷ್ಟವಾಗುತ್ತದೆ. ತುಟಿ ನೀಲಿಯಾದರೆ ತಕ್ಷಣ ಡಾಕ್ಟರಿಗೆ ತಿಳಿಸಿ. ಮನೆಯಲ್ಲಿ ನೀವೇ ಹಚ್ಚಬೇಡಿ.