ಬಾರ್, ಕೆಜಿ, ಪಿಎಸ್‌ಐ: ಪ್ಲಂಬರ್ ಮಾತು ನಂಬಬಹುದಾ?

ಪ್ರಶ್ನೆ: ಹೊಸ ಶವರ್ ತಂದೆವು. ಡಬ್ಬಿಯ ಮೇಲೆ ‘ಕನಿಷ್ಠ 0.5 ಬಾರ್’ ಅಂತಿದೆ. ನಮ್ಮ ಬಾತ್‌ರೂಮ್ ಮೇಲಿನ ಮಹಡಿಯಲ್ಲಿದೆ, ಟ್ಯಾಂಕು ಟೆರೇಸಿನಲ್ಲಿ. ಪ್ಲಂಬರ್ ಬಂದು ನೋಡಿ, “ಕಾಲು ಕೆಜಿ ಪ್ರೆಶರೂ ಬರಲ್ಲ ಸಾರ್, ಪಂಪ್ ಹಾಕಿಸಿ” ಎಂದರು. ಕಾರಿನ ಟೈರಿಗೆ ಪಂಕ್ಚರ್ ಅಂಗಡಿಯವರು 32 ಹಾಕುತ್ತಾರೆ, ಕಾರಿನ ಬಾಗಿಲಿನ ಚೀಟಿಯಲ್ಲಿ 220 ಕೆಪಿಎ ಎಂದಿದೆ. ಇವೆಲ್ಲ ಒಂದೇ ಲೆಕ್ಕವಾ?
— ಓದುಗರೊಬ್ಬರು, ಹನುಮಂತನಗರ

ಉತ್ತರ: ಮೊದಲು ಟೈರು ಮುಗಿಸೋಣ. 1 ಬಾರ್ ಅಂದರೆ 100 ಕಿಲೋಪ್ಯಾಸ್ಕಲ್, ಅಂದರೆ 14.5 ಪಿಎಸ್‌ಐ. ಪಿಎಸ್‌ಐ ಅಂದರೆ ಒಂದು ಚದರ ಇಂಚು ಜಾಗದ ಮೇಲೆ ಬೀಳುವ ಒಂದು ಪೌಂಡ್ ಭಾರ; ಅಂಗಡಿಯವರ ಲೆಕ್ಕ ಇದರಲ್ಲೇ. ನಿಮ್ಮ 220ನ್ನು 100ರಿಂದ ಭಾಗಿಸಿ, 14.5ರಿಂದ ಗುಣಿಸಿ. 31.9 ಬರುತ್ತದೆ. ಅಂಗಡಿಯವರ 32 ಸರಿಯಾಗೇ ಇದೆ.

ಪ್ಲಂಬರ್ ಹೇಳಿದ ಕೆಜಿ ತರಕಾರಿಯ ಕೆಜಿ ಅಲ್ಲ. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಬೀಳುವ ಒಂದು ಕೆಜಿ ಭಾರ. ಅದು 0.98 ಬಾರ್. ಮನೆ ಕೆಲಸಕ್ಕೆ ಎರಡೂ ಒಂದೇ ಅಂದುಕೊಂಡರೂ ನಷ್ಟವಿಲ್ಲ.

ಪಿಎಸ್‌ಐ ಜೊತೆ ಮಾತ್ರ ಆ ಸಲುಗೆ ಬೇಡ. ನಾನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಆಗಿದ್ದಾಗ, ಮೇಸ್ತ್ರಿ ರಬ್ಬರ್ ಹೋಸಿಗೆ “ಅರವತ್ತು ಹಾಕು” ಎಂದರು. ನನ್ನ ಕೈಯಲ್ಲಿದ್ದ ಗೇಜು ಕೆಜಿಯದು, ಹತ್ತಕ್ಕೇ ಮುಗಿಯುತ್ತಿತ್ತು. ಚುಕ್ಕಿ ಬಿಟ್ಟು ಹೇಳಿರಬೇಕು ಅಂದುಕೊಂಡು ಆರಕ್ಕೆ ಏರಿಸಿದೆ. ಹೋಸು ಕ್ಲಾಂಪಿನಿಂದ ಕಿತ್ತು ಬಂತು. ನಾನೂ ಮೇಸ್ತ್ರಿಯೂ ಅಂಗಿ ಹಿಂಡಿಕೊಂಡೆವು. “ಅರವತ್ತು ಅಂದ್ರೆ ಪೌಂಡು ಕಣಯ್ಯಾ!” 60 ಪಿಎಸ್‌ಐ ಅಂದರೆ 4.2 ಕೆಜಿ. ನಾನು ಕೊಟ್ಟದ್ದು 85 ಪಿಎಸ್‌ಐ.

ಈಗ ನಿಮ್ಮ ಶವರು. ಇದಕ್ಕೆ ಗೇಜೇ ಬೇಡ, ಟೇಪು ಸಾಕು. 10 ಮೀಟರ್ ಎತ್ತರದ ನೀರು ಹೆಚ್ಚುಕಮ್ಮಿ 1 ಬಾರ್ ಕೊಡುತ್ತದೆ. ಟ್ಯಾಂಕಿನ ಮುಚ್ಚಳದಿಂದಲ್ಲ, ಒಳಗಿನ ನೀರಿನ ಮಟ್ಟದಿಂದ ಶವರಿನ ತನಕ ಅಳೆಯಿರಿ. ಟೆರೇಸಿನ ಕೆಳಗೇ ಬಾತ್‌ರೂಮ್ ಇದ್ದರೆ ಸಾಮಾನ್ಯವಾಗಿ ಎರಡು, ಎರಡೂವರೆ ಮೀಟರ್ ಸಿಗುತ್ತದೆ. ಅಂದರೆ 0.2ರಿಂದ 0.25 ಬಾರ್. ಪ್ಲಂಬರ್ ಕಣ್ಣಳತೆ ತಪ್ಪಿಲ್ಲ! ನಿಮಗೆ ಬೇಕಾದ್ದು 5 ಮೀಟರ್. ಅದೂ ನೀರು ನಿಂತಾಗಿನ ಲೆಕ್ಕ. ಹರಿಯುವಾಗ ಸಣ್ಣ ಪೈಪು, ಎಲ್ಬೋ, ವಾಲ್ವು ಎಲ್ಲವೂ ತಮ್ಮ ಪಾಲು ಕಿತ್ತುಕೊಳ್ಳುತ್ತವೆ. 500 ಲೀಟರ್ ಟ್ಯಾಂಕ್ ತೆಗೆದು 2000 ಲೀಟರಿನದು ಇಟ್ಟರೆ ಪ್ರೆಶರ್ ಜಾಸ್ತಿ ಆಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎತ್ತರವೇ ಲೆಕ್ಕ, ಅಗಲ ಅಲ್ಲ. ಕೆಳಗಿನ ಮನೆಯವರಿಗೆ ಇನ್ನೊಂದು ಮಹಡಿಯ ಮೂರು ಮೀಟರ್ ಪುಕ್ಕಟೆ ಸಿಗುತ್ತದೆ, ಅವರ ಶವರ್ ಜೋರಾಗಿ ಬಂದರೆ ಹೊಟ್ಟೆಕಿಚ್ಚು ಪಡಬೇಡಿ.

ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿನ ಗಾಳಿಯ ಒತ್ತಡವೇ ಸುಮಾರು 0.9 ಬಾರ್, ಅದನ್ನೂ ಸೇರಿಸಬೇಕಾ ಅಂತ ನೀವು ಕೇಳಬಹುದು. ಬೇಡ. ಆ ಗಾಳಿ ಟ್ಯಾಂಕಿನ ನೀರನ್ನೂ ಒತ್ತುತ್ತದೆ, ಶವರಿನ ಬಾಯನ್ನೂ ಒತ್ತುತ್ತದೆ. ಟೈರಿನ ಗೇಜು ಕೂಡ ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಅಂತ ಮಾತ್ರ ತೋರಿಸುತ್ತದೆ.

ಪಂಪ್ ಕೊಳ್ಳಲು ಹೋದರೆ ಡಬ್ಬಿಯ ಮೇಲೆ ‘ಹೆಡ್’ (ಪಂಪ್ ನೀರನ್ನು ಎತ್ತಬಲ್ಲ ಎತ್ತರ) ಎಷ್ಟು ಮೀಟರ್ ಅಂತ ನೋಡಿ, ಹತ್ತರಿಂದ ಭಾಗಿಸಿ. ಬಾರ್ ಸಿಗುತ್ತದೆ. ಅಂಗಡಿಯವರು 30 ಮೀಟರಿನದು ತೋರಿಸಿದರೆ ಅದು 3 ಬಾರ್. ನಿಮ್ಮ ಮನೆಯ ಪೈಪು ಹಳೆಯದಾಗಿದ್ದರೆ ಜಾಯಿಂಟುಗಳ ಗತಿ ಏನು ಅಂತ ಮೊದಲು ಅದೇ ಪ್ಲಂಬರನ್ನು ಕೇಳಿ.